ಬುಡದ ಹಣ್ಣು

ಅರಸೀಕೆರೆಯ ಕಾಲೇಜೊಂದರಲ್ಲಿ ಪಿಯು ಮಕ್ಕಳಿಗೆ ಜೀವಶಾಸ್ತ್ರ ಹೇಳಿಕೊಡುವುದು ನನ್ನ ಕೆಲಸ. ಹತ್ತೊಂಬತ್ತು ವರ್ಷಗಳಿಂದ ಅನುವಂಶೀಯತೆಯ ಅಧ್ಯಾಯವನ್ನು ಒಂದಕ್ಷರ ಆಚೀಚೆ ಆಗದಂತೆ ಒಪ್ಪಿಸುತ್ತಾ ಬಂದಿದ್ದೇನೆ. ಎತ್ತರದ ಬಟಾಣಿ ಗಿಡಕ್ಕೂ ಗಿಡ್ಡ ಬಟಾಣಿ ಗಿಡಕ್ಕೂ ಸಂಬಂಧ ಬೆಳೆಸಿದರೆ ಮಕ್ಕಳು ಹೇಗಿರುತ್ತವೆ, ಮೊಮ್ಮಕ್ಕಳು ಹೇಗಿರುತ್ತವೆ ಎಂದು ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳಬಲ್ಲೆ. ಬಟಾಣಿಯ ವಿಷಯದಲ್ಲಿ ನನ್ನಷ್ಟು ತಿಳಿದವರು ನಮ್ಮ ಸ್ಟಾಫ್ ರೂಮಿನಲ್ಲಿ ಇನ್ನೊಬ್ಬರಿಲ್ಲ. ಆದರೆ ನನ್ನ ವಿದ್ಯೆಗೆ ಒಂದು ವಿಚಿತ್ರ ಗುಣವಿದೆ. ಸಂಜೆ ನಾನು ಹಳೇಬೀಡಿನ ಬಸ್ಸು ಹತ್ತಿದರೆ ಅದು ನನ್ನ ಜೊತೆ ಹತ್ತುವುದಿಲ್ಲ. ಡಸ್ಟರು, ಸೀಮೆಸುಣ್ಣಗಳ ಜೊತೆ ಕ್ಲಾಸಿನಲ್ಲೇ ಉಳಿದು, ಮರುದಿನ ಬೆಳಗ್ಗೆ ನಾನು ಬರುವುದನ್ನೇ ಕಾಯುತ್ತಿರುತ್ತದೆ.

ಈ ಗುಣ ನನಗೆ ಗೊತ್ತಾಗಿದ್ದು ಒಂದು ಹಣ್ಣಿನಿಂದ.

ನಮ್ಮ ಮನೆ ಹಳೇಬೀಡಿನ ಅಂಚಿನಲ್ಲಿ, ಕೆರೆಯ ಪಕ್ಕಕ್ಕೆ. ಮನೆಯಲ್ಲಿ ನಾನು, ತೆಂಗು ರಾಗಿ ನೋಡಿಕೊಳ್ಳುವ ನನ್ನ ಗಂಡ, ಮತ್ತು ನನ್ನ ಅತ್ತೆ. ಮನೆ ಹಿಂದೆ ಒಂದು ತುಂಡು ಹೊಲ. ಮುಂಗಾರಿನ ಮೊದಲ ಹದ ಮಳೆಗೆ ಅಲ್ಲಿ ಹೆಸರು, ಅಲಸಂದೆ ಬೀಳುತ್ತವೆ. ಆ ಸಾಲುಗಳ ನಡುವೆ ಅತ್ತೆಯ ಕೆಕ್ಕರಿಕೆ ಬಳ್ಳಿ ಹಬ್ಬಿರುತ್ತದೆ.

ಕೆಕ್ಕರಿಕೆಯನ್ನು ಅಂಗಡಿಯಲ್ಲಿ ನೋಡಿದವರು ಕಡಿಮೆ, ಯಾಕೆಂದರೆ ಅದು ಅಂಗಡಿಯವರೆಗೆ ಹೋಗುವಷ್ಟು ತಾಳ್ಮೆ ಇರುವ ಹಣ್ಣಲ್ಲ. ಕಾಯಿಯಾಗಿದ್ದಾಗ ಸೌತೆಯ ಹಾಗೆ ಸಂಭಾವಿತವಾಗಿರುತ್ತದೆ. ಹಣ್ಣಾದ ದಿನ ಯಾರಿಗೂ ಹೇಳದೆ ಕೇಳದೆ ಮೈಯೆಲ್ಲ ಬಿರಿದುಕೊಂಡು ಕೂರುತ್ತದೆ. ಒಳಗೆ ಬಿಳಿಯ, ಹಿಟ್ಟಿನಂಥ ತಿರುಳು. ಬೆಲ್ಲ, ಏಲಕ್ಕಿ ಹಾಕಿ ಕಿವುಚಿ ತಿನ್ನಬೇಕು. ಬೆಲ್ಲವಿಲ್ಲದೆ ತಿಂದರೆ ರುಚಿ ಇಲ್ಲ ಎನ್ನುವವರಿದ್ದಾರೆ. ಅವರು ಅದರ ವಾಸನೆಯನ್ನು ಲೆಕ್ಕಕ್ಕೆ ತೆಗೆದುಕೊಂಡಿಲ್ಲ. ಒಂದು ಹಣ್ಣು ನಡುಮನೆಯಲ್ಲಿದ್ದರೆ ಬೀದಿಯಲ್ಲಿ ಹೋಗುವವರಿಗೂ ಗೊತ್ತಾಗುತ್ತದೆ, ಒಳಗೆ ಬರಲು ಅವರಿಗೆ ಏನಾದರೊಂದು ಕೆಲಸ ನೆನಪಾಗುತ್ತದೆ.

ಈ ಬೀಜ ಅತ್ತೆಯ ತವರಿನದು. ಅವರ ತವರು ಅರಸೀಕೆರೆಯ ಆಚೆ, ಮಾಲೇಕಲ್ಲು ಬೆಟ್ಟದ ಬುಡದಲ್ಲಿ. ಮದುವೆಯಾಗಿ ಬರುವಾಗ ಮಡಿಲಕ್ಕಿಯ ಜೊತೆ ತಂದಿದ್ದಂತೆ. ಅವರ ತವರಿನಲ್ಲಿ ಈಗ ಆ ಬೀಜ ಇಲ್ಲ. ತಮ್ಮಂದಿರು ಹೊಲಕ್ಕೆಲ್ಲ ತೆಂಗು ಇಟ್ಟುಬಿಟ್ಟರು. ಹಾಗಾಗಿ ನಮ್ಮ ಮನೆಯ ಗೋಡೆಯ ಮೇಲಿದ್ದದ್ದೇ ಉಳಿದ ಬೀಜ. ಹೌದು, ಗೋಡೆಯ ಮೇಲೆ. ಬಳ್ಳಿಯ ಬುಡಕ್ಕೆ ಎಲ್ಲಕ್ಕಿಂತ ಮೊದಲು ಬಿಡುವ ಹಣ್ಣನ್ನು ಯಾರೂ ತಿನ್ನುವಂತಿಲ್ಲ. ಅದು ಬುಡದ ಹಣ್ಣು, ಬೀಜಕ್ಕೆ. ಅದನ್ನು ಬಳ್ಳಿಯಲ್ಲೇ ಪೂರ್ತಿ ಬಿರಿಯಲು ಬಿಟ್ಟು, ಬೀಜ ತೆಗೆದು ತೊಳೆದು, ಬೂದಿಯಲ್ಲಿ ಹೊರಳಿಸಿ, ಹಸಿ ಸಗಣಿಯ ಬಿಲ್ಲೆಗೆ ಒತ್ತಿ ಅಡುಗೆಮನೆಯ ಗೋಡೆಗೆ ತಟ್ಟುತ್ತಿದ್ದರು. ಹೊಸ ಬಿಲ್ಲೆ ಗೋಡೆಗೆ ಬಿದ್ದ ದಿನ, ಹಳೆಯ ಬಿಲ್ಲೆ ಉಳಿದ ಬೀಜದ ಸಮೇತ ಬಚ್ಚಲೊಲೆಗೆ. ಹಳೆಯದೂ ಹೊಸದೂ ಒಂದೇ ಗೋಡೆಯ ಮೇಲೆ ಇರಬಾರದು ಎಂಬುದು ಅವರ ಕಾನೂನು. ಈ ಕಾನೂನು ಮುಂದೆ ನನ್ನನ್ನು ಹೇಗೆ ಸುತ್ತಿಕೊಂಡಿತು ಎಂಬುದನ್ನು ಹೇಳುತ್ತೇನೆ.

ಇನ್ನೊಂದು ಕಾನೂನು ಸೌತೆಯದ್ದು. ಸಾಂಬಾರಿಗೆ ಹಾಕುವ ಬಣ್ಣದ ಸೌತೆಯನ್ನು ಕಣ್ಣಿಗೆ ಕಾಣುವಷ್ಟು ದೂರದಲ್ಲೂ ಹಾಕುವಂತಿಲ್ಲ. "ಅದ್ರ ಗಾಳಿ ಇದ್ಕೆ ಸೋಕ್ಬಾರ್ದು ಕಣವ್ವ," ಎನ್ನುತ್ತಿದ್ದರು. ಸೌತೆ ಬೆಳೆಯುವವರಿಗೆ ಅವರು ಬೀಜ ಕೊಡುತ್ತಿರಲಿಲ್ಲ. ಈ ಕಾರಣಕ್ಕೆ ಅವರಿಗೂ ಗೆಂಡೆಹಳ್ಳಿಯಲ್ಲಿರುವ ಅವರ ವಾರಗಿತ್ತಿಗೂ, ಅಂದರೆ ನನ್ನ ಮಾವನ ತಮ್ಮನ ಹೆಂಡತಿಗೂ, ನಲವತ್ತು ವರ್ಷದ ಹಿಂದೆ ಮಾತು ಬಿಟ್ಟುಹೋಗಿತ್ತು. ಆ ಚಿಕ್ಕತ್ತೆ ಗೌರಿ ಹಬ್ಬಕ್ಕೆ ಬಂದವರು ಬೀಜ ಕೇಳಿದರು. ಗೆಂಡೆಹಳ್ಳಿಯ ಹಿತ್ತಲಲ್ಲಿ ಸೌತೆ ಇದೆ ಎಂದು ಇವರು ಕೊಡಲಿಲ್ಲ. ಅವರು ಕೆಕ್ಕರಿಕೆ ತಿಂದು, ಬೀಜ ಉಗುಳುವ ಬದಲು ಸೆರಗಿಗೆ ಕಟ್ಟಿಕೊಂಡು ಹೋದರು. ಅಷ್ಟೇ. ನಮ್ಮತ್ತೆ ಅವರಿಗೆ ಬೀಜಗಳ್ಳಿ ಎಂದು ಹೆಸರಿಟ್ಟು, ಮದುವೆ ಮುಂಜಿಗಳಲ್ಲಿ ಸಿಕ್ಕ ನೆಂಟರಿಗೆಲ್ಲ ಸಾರಿದರು. ಮದುವೆಯಾಗಿ ಬಂದ ಮೊದಲ ವಾರದಲ್ಲೇ ನನಗೂ ಈ ಕಥೆ ಒಪ್ಪಿಸಲಾಗಿತ್ತು. ಆಸ್ತಿಗಾಗಿ ಜಗಳವಾಡುವ ಮನೆಗಳನ್ನು ಕಂಡಿದ್ದ ನಾನು, ಹಣ್ಣಿನ ಬೀಜಕ್ಕೆ ಮುನಿಸಿಕೊಂಡವರನ್ನು ಕಂಡು ಒಳಗೊಳಗೇ ನಕ್ಕಿದ್ದೆ. ಎಂಎಸ್ಸಿ ಮಾಡಿದವಳಲ್ಲವೇ.

ನಾಲ್ಕು ವರ್ಷದ ಹಿಂದೆ ನನಗೆ ಕೃಷಿಯ ಹುಚ್ಚು ಹಿಡಿಯಿತು. ಮೊಬೈಲಿನಲ್ಲಿ ಯಾರೋ ಟೋಪಿ ಹಾಕಿಕೊಂಡವರು ಹೈಬ್ರಿಡ್ ಕರ್ಬೂಜದ ನಡುವೆ ನಿಂತು, ಎರಡು ತಿಂಗಳಲ್ಲಿ ಬದುಕೇ ಬದಲಾಯಿತು ಎಂದು ನಗುತ್ತಿದ್ದರು. ನಾನೂ ಬೀಜದ ಪೊಟ್ಟಣ ತಂದೆ. ಅದರ ಮೇಲೆ ಬಲೆ ಹೊದ್ದಂಥ ಸಿಪ್ಪೆಯ, ಕೇಸರಿ ತಿರುಳಿನ ಹಣ್ಣಿನ ಚಿತ್ರ. ಕರ್ಬೂಜ ಬೇಸಿಗೆಯ ಬೆಳೆ. ಆದರೆ ಬೇಸಿಗೆಯಲ್ಲಿ ನನಗೆ ಪರೀಕ್ಷೆ, ಮೌಲ್ಯಮಾಪನ. ಆದ್ದರಿಂದ ವಿಜ್ಞಾನದ ಅನುಕೂಲಕ್ಕಿಂತ ವಿಜ್ಞಾನದ ಮೇಷ್ಟ್ರಮ್ಮನ ಅನುಕೂಲ ದೊಡ್ಡದೆಂದು ಮುಂಗಾರಿನಲ್ಲೇ ಹಾಕಿದೆ. ಹಾಕಿದ ಜಾಗ, ಅತ್ತೆಯ ಕೆಕ್ಕರಿಕೆಯಿಂದ ಹದಿನೈದು ಹೆಜ್ಜೆ.

ಅತ್ತೆ ಬದುವಿನ ಮೇಲೆ ನಿಂತು ನೋಡಿದರು. "ಇದೂ ಅದ್ರ ಜಾತೀದೇ ಅಲ್ವೇನವ್ವ? ಎಲೆ ನೋಡು, ಹೂ ನೋಡು. ಬ್ಯಾಡ ಕಣವ್ವ, ಗಾಳಿ ಸೋಕ್ತದೆ. ತೋಟದ ಆ ಕಡೀಕೆ ಹಾಕು."

ಎಲೆ ನೋಡಿ, ಹೂ ನೋಡಿ ಜಾತಿ ಗುರುತಿಸಿದ ಆ ಹೆಂಗಸು ಓದಿದ್ದು ಮೂರನೇ ಕ್ಲಾಸು. ಸಸ್ಯಗಳ ವರ್ಗೀಕರಣವನ್ನು ಕಂಠಪಾಠ ಮಾಡಿ ಪಾಸಾದ ನಾನು ಸೊಂಟದ ಮೇಲೆ ಕೈ ಇಟ್ಟುಕೊಂಡು ಅವರಿಗೆ ಮೂಢನಂಬಿಕೆಯ ಮೇಲೆ ಹತ್ತು ನಿಮಿಷ ಉಪನ್ಯಾಸ ಕೊಟ್ಟೆ. ಗಾಳಿ ಸೋಕುವುದು, ದೃಷ್ಟಿ ತಾಗುವುದು, ಇವೆಲ್ಲ ಭಯದಿಂದ ಹುಟ್ಟಿದ ಕಲ್ಪನೆಗಳು, ಗಿಡಗಳಿಗೆ ನೀರು, ಗೊಬ್ಬರ, ಬಿಸಿಲು ಸಾಕು ಎಂದೆ. ಜೇನುನೊಣಗಳು ನನ್ನ ಕರ್ಬೂಜದ ಹಳದಿ ಹೂವಿನಿಂದ ಎದ್ದು ಅವರ ಕೆಕ್ಕರಿಕೆಯ ಹಳದಿ ಹೂವಿನ ಮೇಲೆ ಇಳಿಯುತ್ತಾ, ನನ್ನ ಉಪನ್ಯಾಸವನ್ನು ಎಳ್ಳಷ್ಟೂ ಗಮನಿಸದೆ ತಮ್ಮ ಕೆಲಸ ಮಾಡುತ್ತಿದ್ದವು.

ಆ ವರ್ಷ ನನ್ನ ಕರ್ಬೂಜ ಮಳೆಗೆ ಅರ್ಧ ಕೊಳೆಯಿತು. ಉಳಿದರ್ಧ ಸಕ್ಕರೆ ಬೆರೆಸಲು ಮರೆತ ಶರಬತ್ತಿನಂತಿತ್ತು. ನನ್ನ ಗಂಡ ಒಂದು ಹೋಳು ತಿಂದು, "ಬಣ್ಣ ಚೆನ್ನಾಗಿದೆ," ಎಂದರು. ಮದುವೆ ಉಳಿಯುವುದು ಇಂಥ ಮಾತುಗಳಿಂದ. ಆದರೆ ಅತ್ತೆಯ ಕೆಕ್ಕರಿಕೆಗೆ ಏನೂ ಆಗಿರಲಿಲ್ಲ. ಎಂದಿನಂತೆ ಬಿರಿದವು, ಎಂದಿನಂತೆ ಬೀದಿಯವರಿಗೆಲ್ಲ ನಮ್ಮ ಮನೆಯಲ್ಲಿ ಕೆಲಸ ನೆನಪಾಯಿತು. ನಾನು ಸುಮ್ಮನಿರಬಹುದಿತ್ತು. ಇರಲಿಲ್ಲ. ಹಬ್ಬಕ್ಕೆ ಬಂದಿದ್ದ ಅಕ್ಕಪಕ್ಕದವರ ಮುಂದೆಯೇ, "ನೋಡಿದ್ರಾ ಅತ್ತೆ? ಯಾವ ಗಾಳಿಯೂ ಸೋಕಲಿಲ್ಲ, ಏನೂ ಆಗಲಿಲ್ಲ," ಎಂದೆ.

ಅವರು ಕೈಯಲ್ಲಿದ್ದ ಹಣ್ಣನ್ನು ಒಮ್ಮೆ ತಿರುಗಿಸಿ ನೋಡಿದರು. ಆಮೇಲೆ, "ಹೌದು ಕಣವ್ವ. ಓದಿದೋಳು ನೀನು. ನಂದೇ ತಪ್ಪು," ಎಂದರು. ಸೋತೆನೆಂಬ ಬೇಸರ ಅವರ ದನಿಯಲ್ಲಿರಲಿಲ್ಲ. ಬುಡದ ಹಣ್ಣಿನ ಬೀಜ ತೆಗೆದು ಹೊಸ ಬಿಲ್ಲೆ ತಟ್ಟಿದರು, ಹಳೆಯದನ್ನು ಒಲೆಗೆ ಹಾಕಿದರು. ಆ ದಿನ ಬಚ್ಚಲಲ್ಲಿ ನೀರು ಕಾಯಿಸಿಕೊಂಡು ಸ್ನಾನ ಮಾಡಿದವಳೂ ನಾನೇ.

ಮರುವರ್ಷ ಅದೇ ಹೊಲದಲ್ಲಿ, ಅದೇ ಸಾಲಿನಲ್ಲಿ, ಆ ಬಿಲ್ಲೆಯ ಬೀಜದಿಂದ ಹುಟ್ಟಿದ ಬಳ್ಳಿಗಳು ಕಾಯಿ ಬಿಟ್ಟವು. ಕಾಯಿ ಗುಂಡಗಿತ್ತು. ಕೆಲವುಗಳ ಮೈಮೇಲೆ ತೆಳುವಾದ ಬಲೆಯ ಗೀಚು. ಹಣ್ಣಾದವು, ಬಿರಿಯಲಿಲ್ಲ. ಕತ್ತರಿಸಿದರೆ ತಿರುಳು ಅತ್ತ ಬಿಳಿಯೂ ಅಲ್ಲ, ಇತ್ತ ಕೇಸರಿಯೂ ಅಲ್ಲ. ಹಿಟ್ಟಿನಂತಿಲ್ಲ, ರಸವೂ ಇಲ್ಲ. ವಾಸನೆ ಅಡುಗೆಮನೆಯ ಬಾಗಿಲನ್ನೂ ದಾಟಲಿಲ್ಲ.

ಒಂದು ಶನಿವಾರ ಸಂಜೆ ಆ ಹಣ್ಣನ್ನು ಕೈಯಲ್ಲಿ ಹಿಡಿದು ಹೊಲದಲ್ಲಿ ನಿಂತಿದ್ದೆ. ಅಷ್ಟು ವರ್ಷ ಬಸ್ಸು ಹತ್ತದ ನನ್ನ ವಿದ್ಯೆ ಅವತ್ತು ಹೇಗೋ ಊರು ಹುಡುಕಿಕೊಂಡು ಬಂತು. ಎರಡು ಬೇರೆ ಗಿಡಗಳ ಬೆರಕೆ ಆ ವರ್ಷದ ಹಣ್ಣಿನಲ್ಲಿ ಕಾಣುವುದಿಲ್ಲ. ಹಣ್ಣು ತಾಯಿಯದು. ಬೆರಕೆ ಇರುವುದು ಬೀಜದೊಳಗೆ. ಅದು ಕಾಣುವುದು ಮುಂದಿನ ವರ್ಷ, ಆ ಬೀಜ ಗಿಡವಾದ ಮೇಲೆ. ಇದನ್ನು ನಾನು ಸುಮಾರು ಎರಡು ಸಾವಿರ ಮಕ್ಕಳಿಗಾದರೂ ಹೇಳಿಕೊಟ್ಟಿರಬೇಕು. ಕರ್ಬೂಜ, ಕೆಕ್ಕರಿಕೆ, ಬಣ್ಣದ ಸೌತೆ, ಮೂರೂ ಒಂದೇ ಕುಲ ಎಂಬುದೂ ನನಗೆ ಗೊತ್ತಿತ್ತು. ಪುಸ್ತಕದಲ್ಲಿ ಗೊತ್ತಿತ್ತು. ಅತ್ತೆ ಗಾಳಿ ಎಂದಿದ್ದು ಪರಾಗವನ್ನು. ಅವರಿಗೆ ಅದಕ್ಕೆ ಹೆಸರು ಗೊತ್ತಿರಲಿಲ್ಲ, ನನಗೆ ಹೆಸರು ಬಿಟ್ಟು ಬೇರೇನೂ ಗೊತ್ತಿರಲಿಲ್ಲ.

ಬೆರಕೆಯಾಗದ ಹಳೆಯ ಬೀಜವೆಲ್ಲ ಹೋದ ವರ್ಷವೇ ಬಚ್ಚಲೊಲೆಯಲ್ಲಿ ಬೂದಿಯಾಗಿತ್ತು. ಅತ್ತೆಗೆ ಇದನ್ನೆಲ್ಲ ಆಗಲೇ ಹೇಳಬೇಕಿತ್ತು. ಹೇಳಲಿಲ್ಲ. ಇನ್ನೊಂದು ದಿನ ಹೇಳೋಣ ಎಂದುಕೊಂಡೆ. ಅಷ್ಟರಲ್ಲಿ ಒಬ್ಬ ಸಂಶೋಧಕಿ ಬಂದಳು.

ಹುಡುಗಿ ಯಾವುದೋ ವಿಶ್ವವಿದ್ಯಾಲಯದಿಂದ ಕರ್ಬೂಜ, ಕೆಕ್ಕರಿಕೆಗಳ ನಾಟಿ ತಳಿ ಹುಡುಕಿಕೊಂಡು ತಾಲ್ಲೂಕು ತಾಲ್ಲೂಕು ಸುತ್ತುತ್ತಿದ್ದಳು. ನಮ್ಮ ಕಾಲೇಜಿಗೆ ಬಂದು ಕೇಳಿದಾಗ, ನಮ್ಮ ಮನೆಯಲ್ಲೇ ಇದೆ ಎಂದು ಹಿಂದಿನ ವರ್ಷ ನಾನೇ ಕೊಚ್ಚಿಕೊಂಡಿದ್ದೆ. ಬಂದವಳೇ ಬದುವಿನ ಮೇಲೆ ಕೂತು, ಅಲ್ಲಿ ಕಳೆಯಾಗಿ ಹಬ್ಬಿದ್ದ, ಗೋಲಿಯಷ್ಟು ದಪ್ಪದ ಕಹಿ ಕಾಯಿಗಳ ಬಳ್ಳಿಯನ್ನು ತೋರಿಸಿದಳು. ನಾವು ಕಿತ್ತೆಸೆಯುವ ಅದೇ ಈ ಎಲ್ಲ ಹಣ್ಣುಗಳ ಹತ್ತಿರದ ಬಂಧುವಂತೆ. ಕರ್ಬೂಜದ ಮೂಲ ಆಫ್ರಿಕಾ ಎಂದು ನಾನು ಓದಿದ್ದೆ. ಈಗ ಹಾಗಷ್ಟೇ ಹೇಳುವುದಿಲ್ಲವಂತೆ. ಈ ದೇಶದಲ್ಲೂ ಜನ ಇಂಥ ಕಹಿ ಕಾಯಿಗಳಲ್ಲಿ ಕಡಿಮೆ ಕಹಿಯದನ್ನು ಆರಿಸಿ, ಅದರ ಬೀಜ ಹಾಕಿ, ಮತ್ತೆ ಆರಿಸಿ, ಹೀಗೆ ಎಷ್ಟೋ ತಲೆಮಾರು ಸಾಕಿ ಸಾಕಿ ಹಣ್ಣು ಮಾಡಿದರಂತೆ. ವೈವಿಧ್ಯ ಇರುವುದೆಲ್ಲ ಇಂಥ ಅಡುಗೆಮನೆಗಳಲ್ಲಿ ಎಂದಳು. ದೊಡ್ಡ ಕಂಪನಿಗಳ ಹಣ್ಣಿಗೆ ರೋಗ ತಡೆಯುವ ಶಕ್ತಿ ಬೇಕಾದಾಗ ಇಲ್ಲಿನ ನಾಟಿ ಹಣ್ಣುಗಳಿಂದಲೇ ತೆಗೆದುಕೊಂಡದ್ದೂ ಉಂಟಂತೆ. ಅಂದರೆ ನಾನು ಪೊಟ್ಟಣದಲ್ಲಿ ತಂದದ್ದು ಅತ್ತೆಯ ದೂರದ ನೆಂಟನನ್ನೇ ಇರಬಹುದು. ಪಟ್ಟಣಕ್ಕೆ ಹೋಗಿ ಬಣ್ಣ ಹಚ್ಚಿಕೊಂಡು ಬಂದು ಮನೆ ಹಾಳು ಮಾಡುವ ನೆಂಟರು ಎಲ್ಲರಿಗೂ ಇರುತ್ತಾರೆ.

ನನ್ನ ಗಂಡನಿಗೆ ಇಷ್ಟು ಇತಿಹಾಸ ಸಾಲದು. ಹಳೇಬೀಡಿನಲ್ಲಿ ಹುಟ್ಟಿದವರಿಗೆ ಹೊಯ್ಸಳರಿಗಿಂತ ಈಚಿನದು ಯಾವುದೂ ಇತಿಹಾಸವಲ್ಲ. "ಗುಡಿ ಗೋಡೆ ಮೇಲೆ ಒಬ್ಳು ಕೈಯಲ್ಲಿ ಹಿಡ್ಕೊಂಡಿದ್ದಾಳೆ ನೋಡಿ, ಅದು ಕೆಕ್ಕರ್ಕೆನೇ. ಗೈಡುಗಳಿಗೆ ಗೊತ್ತಿಲ್ದೆ ಮಾವಿನ ಹಣ್ಣು ಅಂತಾರೆ," ಎಂದು ಆ ಹುಡುಗಿಗೆ ಗಂಭೀರವಾಗಿ ಬರೆಸಿದರು. ಅವಳು ಗಂಭೀರವಾಗಿಯೇ ಬರೆದುಕೊಂಡಳು.

ಅತ್ತೆ ಮೊರದಲ್ಲಿ ಹಣ್ಣು ತಂದಿಟ್ಟರು. ಎಂದೂ ಯಾರಿಗೂ ತಲೆತಗ್ಗಿಸದವರು ಅವತ್ತು ಮೊರದ ಕಡೆ ನೋಡುತ್ತಲೇ, "ಈ ವರ್ಸ ಯಾಕೋ ಹಿಂಗಾಗವೆ ಕಣವ್ವ," ಎಂದರು. ಹುಡುಗಿ ಒಂದನ್ನು ಕತ್ತರಿಸಿದಳು, ಮೂಸಿದಳು, ಬಲೆಯ ಗೀಚಿನ ಮೇಲೆ ಬೆರಳಾಡಿಸಿದಳು. ಆಮೇಲೆ ನನ್ನ ಕಡೆ ತಿರುಗಿ, ಅತ್ತೆಗೆ ನೋವಾಗಬಾರದೆಂದೋ ಏನೋ, ಇಂಗ್ಲಿಷಿನಲ್ಲಿ ಕೇಳಿದಳು. ಹೋದ ವರ್ಷ ಹತ್ತಿರದಲ್ಲಿ ಎಲ್ಲಾದರೂ ಹೈಬ್ರಿಡ್ ಕರ್ಬೂಜ ಹಾಕಿದ್ದರಾ?

ನಾನೂ ಇಂಗ್ಲಿಷಿನಲ್ಲೇ ಇಲ್ಲ ಎಂದೆ.

ಒಂದೇ ಪದ. ನನ್ನ ಇಂಗ್ಲಿಷು ಅಷ್ಟು ಸಲೀಸಾಗಿ ಹಿಂದೆಂದೂ ಬಂದಿರಲಿಲ್ಲ. ಅತ್ತೆಗೆ ಅರ್ಥವಾಗದ ಭಾಷೆಯಲ್ಲಿ, ಅತ್ತೆಯ ಎದುರಿಗೇ, ಅತ್ತೆಯ ಬೀಜದ ಮೇಲೆ ಸುಳ್ಳು ಹೇಳಿದೆ. ಅವರು, "ಏನಂತವ್ವ ಆ ಮಗ?" ಎಂದು ಕೇಳಿದರು. "ಚೆನ್ನಾಗಿದೆ ಅಂತಾಳೆ," ಎಂದೆ. ಅವರು ನಂಬಲಿಲ್ಲ. ಹಣ್ಣು ಚೆನ್ನಾಗಿಲ್ಲ ಎಂದು ತಿಳಿಯಲು ಅವರಿಗೆ ಇಂಗ್ಲಿಷು ಬೇಕಿರಲಿಲ್ಲ.

ಆದರೆ ಯಾಕೆ ಚೆನ್ನಾಗಿಲ್ಲ ಎಂಬುದಕ್ಕೆ ಅವರಿಗೊಂದು ಕಾರಣ ಬೇಕಿತ್ತು. ಗಾಳಿ ಎನ್ನುವಂತಿರಲಿಲ್ಲ. ಅದು ಸುಳ್ಳೆಂದು ಹಿಂದಿನ ವರ್ಷ ಓದಿದವಳೊಬ್ಬಳು ಹತ್ತು ಜನರ ಮುಂದೆ ತೋರಿಸಿಕೊಟ್ಟಿದ್ದಳು. ಬೀಜ ಅದೇ, ಹೊಲ ಅದೇ, ಮಳೆಯೂ ಆಗಿತ್ತು. ಇನ್ನು ಉಳಿದದ್ದು ಬಿತ್ತಿದ ಕೈ ಮಾತ್ರ.

ನಮ್ಮ ಕಡೆ ಕೈಗುಣ ಎನ್ನುವುದನ್ನು ಜನ ಇಂದಿಗೂ ನಂಬುತ್ತಾರೆ. ಸುತ್ತ ನಾಲ್ಕೈದು ಮನೆಯವರು ಏನೇ ಬಿತ್ತಲಿ, ಮೊದಲ ಹಿಡಿಯನ್ನು ನಮ್ಮತ್ತೆಯ ಕೈಯಿಂದ ಹಾಕಿಸುತ್ತಿದ್ದರು. ಅವರು ಹಾಕಿದ ಹೆಪ್ಪು ಹುಳಿಯಾಗುತ್ತಿರಲಿಲ್ಲ, ಅವರು ಹಾಕಿದ ಉಪ್ಪಿನಕಾಯಿಗೆ ಬೂಸ್ಟು ಬರುತ್ತಿರಲಿಲ್ಲ. ಅದು ಅವರ ಹೆಮ್ಮೆ. ಬೇರೆ ಹೆಮ್ಮೆಗಳಿಗೆ ಆ ಬದುಕಿನಲ್ಲಿ ಅಷ್ಟು ಜಾಗವೂ ಇರಲಿಲ್ಲ. ಆ ಸಲ ಹುರುಳಿ ಬಿತ್ತುವಾಗ ಪಕ್ಕದ ಹೊಲದವರು ಕರೆಯಲು ಬಂದರು. "ನಾನ್ ಬ್ಯಾಡ ಕಣಪ್ಪ. ನಿಮ್ ಸೊಸೆ ಕೈಲಿ ಹಾಕ್ಸು," ಎಂದು ಒಳಗೆ ಹೋದರು. ಬಂದವರು ಒಂದು ಸಲ ಬಲವಂತ ಮಾಡಿದರು, ಎರಡನೇ ಸಲ ಮಾಡಲಿಲ್ಲ. ಕೆಕ್ಕರಿಕೆಯ ಸುದ್ದಿ ಅವರಿಗೂ ಗೊತ್ತಿತ್ತು.

ಆಮೇಲೆ ಹೆಪ್ಪು ಹಾಕುವುದನ್ನು ಬಿಟ್ಟರು. "ನೀನೇ ಹಾಕವ್ವ, ನನ್ ಕೈ ಯಾಕೋ ಸರಿ ಇಲ್ಲ," ಎಂದು ಹಾಲಿನ ಪಾತ್ರೆಯನ್ನು ನನ್ನ ಕಡೆ ಸರಿಸಿದರು. ಬೇಸಿಗೆಯಲ್ಲಿ ಮಾವಿನಕಾಯಿ ಬಂದಾಗ ಉಪ್ಪಿನಕಾಯಿಗೂ ಕೈ ಹಾಕಲಿಲ್ಲ, ದೂರ ಕೂತು ಉಪ್ಪು ಎಷ್ಟು ಎಂದು ಹೇಳಿದರು. ನಾನು ದಿನಾ ಸಂಜೆ ಹೆಪ್ಪು ಹಾಕುತ್ತಿದ್ದೆ. ನನ್ನ ಮೊಸರು ನನ್ನ ಕರ್ಬೂಜದ ಹಾಗೇ ಇತ್ತು. ಯಾರೂ ಏನೂ ಅನ್ನದೆ ಉಂಡರು.

ಈ ನಡುವೆ ಕಾಲೇಜಿನಲ್ಲಿ ಬಟಾಣಿಯ ಅಧ್ಯಾಯ ಬಂತು. ಮೊದಲ ಪೀಳಿಗೆ ಎಂದು ಹಲಗೆಯ ಮೇಲೆ ಬರೆದು, ಮುಂದೇನು ಹೇಳಬೇಕೆಂದು ತೋಚದೆ ಒಂದು ಕ್ಷಣ ನಿಂತೆ. ಮಕ್ಕಳು ನನಗೆ ವಯಸ್ಸಾಯಿತೆಂದುಕೊಂಡಿರಬೇಕು. ಅದೇ ವಾರ ಸಂಶೋಧಕಿಯ ಸಂದೇಶ ಬಂತು. ಅವತ್ತು ನಾವು ಕೊಟ್ಟುಕಳಿಸಿದ ಬೀಜದ ಮಾದರಿ ನಾಟಿ ತಳಿಯಲ್ಲ, ಹೈಬ್ರಿಡ್ ಬೆರೆತದ್ದು ಎಂದು ಪರೀಕ್ಷೆಯಲ್ಲಿ ಕಂಡಿದೆ, ದಾಖಲೆಯಲ್ಲಿ ಹಾಗೇ ನಮೂದಿಸುತ್ತೇವೆ, ಬೀಜ ಕೊಟ್ಟವರೆಂದು ನಿಮ್ಮ ಹೆಸರು ಇರುತ್ತದೆ, ಧನ್ಯವಾದ ಮೇಡಂ. ಹೀಗೆ ವಿಜ್ಞಾನಕ್ಕೆ ನನ್ನ ಕೊಡುಗೆ ಶಾಶ್ವತವಾಯಿತು. ಎಲ್ಲೋ ಒಂದು ತಣ್ಣನೆಯ ಕೋಣೆಯಲ್ಲಿ, ಬೆರಕೆ ಬೀಜದ ಡಬ್ಬಿಯ ಪಕ್ಕದಲ್ಲಿ ನನ್ನ ಹೆಸರು ಮೊಳೆಯದೆ ಕೂತಿದೆ.

ಮೇ ತಿಂಗಳಲ್ಲಿ ಮೊದಲ ಮಳೆ ಬಿತ್ತು. ಮಣ್ಣಿನ ವಾಸನೆಗೆ ಅತ್ತೆ ಹಿತ್ತಲ ಬಾಗಿಲಿಗೆ ಬಂದು ಕೂತರು. ಪ್ರತಿ ವರ್ಷ ಅವತ್ತೇ ಗೋಡೆಯ ಬಿಲ್ಲೆಯಿಂದ ಬೀಜ ಬಿಡಿಸುತ್ತಿದ್ದವರು. ಕೆಟ್ಟ ಹಣ್ಣಿನ ಬೀಜ ತಟ್ಟದೆ, ಹಳೆಯ ಬಿಲ್ಲೆಯನ್ನೂ ಒಲೆಗೆ ಹಾಕಿದ್ದರಿಂದ ಆ ವರ್ಷ ಗೋಡೆಯ ಮೇಲೆ ಬಿಲ್ಲೆ ಇರಲಿಲ್ಲ, ಹಳೆಯ ಬಿಲ್ಲೆಗಳ ಗುಂಡು ಗುರುತು ಮಾತ್ರ. ತೊಡೆಯ ಮೇಲೆ ಕೈಗಳನ್ನು ಅಂಗಾತ ಇಟ್ಟುಕೊಂಡು ಅವನ್ನೇ ನೋಡುತ್ತಾ ಕೂತಿದ್ದರು. ನನಗೆ ತಡೆಯಲಾಗಲಿಲ್ಲ. ಪಕ್ಕದಲ್ಲಿ ಕೂತು ಎಲ್ಲ ಹೇಳಿದೆ. ಜೇನುನೊಣ, ಪರಾಗ, ಈ ವರ್ಷದ ಹಣ್ಣು, ಮುಂದಿನ ವರ್ಷದ ಹಣ್ಣು. ನೀವು ಹೇಳಿದ್ದೇ ಸರಿ ಇತ್ತು ಅತ್ತೆ, ಕೆಡಿಸಿದ್ದು ನನ್ನ ಕರ್ಬೂಜ ಎಂದೆ. ಆ ಹುಡುಗಿ ಏನು ಕೇಳಿದ್ದಳು, ನಾನೇನು ಹೇಳಿದ್ದೆ ಎಂಬುದನ್ನೂ ಹೇಳಿದೆ. ಜೀವನದಲ್ಲಿ ನಾನು ಮಾಡಿದ ಅತ್ಯಂತ ಸ್ಪಷ್ಟವಾದ ಪಾಠ ಅದು.

ಅವರು ಬಯ್ಯುತ್ತಾರೆಂದುಕೊಂಡಿದ್ದೆ.

"ಬೀಜ ಹೋಗಿದ್ದು ಹೋಗ್ಲಿ ಬಿಡು," ಎಂದರು. "ನನ್ ಕೈನೇ ಕೆಟ್ಟೋಯ್ತು ಅಂತ ನಾನು ಹೆಪ್ಪು ಹಾಕೋದೂ ಬಿಟ್ನಲ್ಲವ್ವ. ನೀನು ದಿನಾ ನನ್ ಮುಂದ್ಗಡೇನೇ ಹೆಪ್ಪು ಹಾಕ್ತಾ ಸುಮ್ಕಿದ್ದೆಯಲ್ಲ. ಹೆಂಗಿದ್ದೆ?"

ಅದು ಬೈಗುಳವಲ್ಲ, ನಿಜವಾಗಿ ಕೇಳಿದ ಪ್ರಶ್ನೆ. ಅತ್ತೆ ಎಂದು ಕೈ ಹಿಡಿದೆ. ಬಿಡಿಸಿಕೊಂಡು ಎದ್ದುಹೋದರು. ಅವತ್ತೂ ಹಾಲಿನ ಪಾತ್ರೆ ನನ್ನ ಕಡೆಗೇ ಸರಿಯಿತು. ಈ ಸಲ ಅದು ಅವರ ಕೈ ಸರಿಯಿಲ್ಲ ಎಂದಲ್ಲ, ನನಗೆ ಶಿಕ್ಷೆ ಎಂದು ಇಬ್ಬರಿಗೂ ತಿಳಿದಿತ್ತು.

ಮೂರನೇ ದಿನ ಬೆಳಗ್ಗೆ ಒಂದು ಚೀಲದಲ್ಲಿ ಅವರೆ ಬೀಜ ತುಂಬಿಕೊಂಡು, ಒಳ್ಳೆಯ ಸೀರೆ ಉಟ್ಟು ಜಗಲಿಗೆ ಬಂದರು. "ಗೆಂಡೆಹಳ್ಳಿಗೆ ಹೋಗಾನ, ನಡಿ," ಎಂದರು. ನಮ್ಮ ಕಡೆ ಬೀಜಕ್ಕೆ ಬೀಜವೇ ಬದಲು. ಬರಿಗೈಯಲ್ಲಿ ಬೀಜ ಕೇಳಲು ಯಾರೂ ಹೋಗುವುದಿಲ್ಲ. ಬೇಲೂರಿನಲ್ಲಿ ಬಸ್ಸು ಬದಲಿಸಿದೆವು. ದಾರಿಯುದ್ದಕ್ಕೂ ಚೀಲವನ್ನು ತೊಡೆಯ ಮೇಲೆ ಹಿಡಿದು ಕಿಟಕಿಯಾಚೆ ನೋಡುತ್ತಿದ್ದರು. ನಲವತ್ತು ವರ್ಷ ಕಳ್ಳಿ ಎಂದು ಕರೆದವರ ಮನೆ ಬಾಗಿಲಿಗೆ ಹೋಗುವುದು ನನ್ನಿಂದಾಗಿ ಎಂಬುದನ್ನು ಅವರು ಹೇಳಲಿಲ್ಲ. ಹೇಳಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಚಿಕ್ಕತ್ತೆ ಬಾಗಿಲಲ್ಲಿ ನಮ್ಮನ್ನು ಕಂಡು ಒಂದು ಕ್ಷಣ ಕದ ಹಿಡಿದು ನಿಂತರು. "ಬನ್ರಕ್ಕ," ಎಂದು ಒಳಗೆ ಕರೆದರು. ಕಾಫಿ ಬಂತು. ಮಂಡಿನೋವಿನ ಬಗ್ಗೆ ಮಾತಾಯಿತು, ತೆಂಗಿನ ರೋಗದ ಬಗ್ಗೆ ಆಯಿತು, ಮಳೆಯ ಬಗ್ಗೆ ಎರಡು ಸಲ ಆಯಿತು. ಕೊನೆಗೆ ಅತ್ತೆ ಲೋಟ ಕೆಳಗಿಟ್ಟು, "ನನ್ ಬೀಜ ಕೆಟ್ಟೋಯ್ತು ಕಣೇ," ಎಂದರು.

ನಾನು ಬಾಯಿ ತೆರೆದೆ. "ಅದು ನನ್ನಿಂದ..." ಎನ್ನುವಷ್ಟರಲ್ಲಿ ಅತ್ತೆ ನನ್ನ ಕಡೆ ತಿರುಗಿಯೂ ನೋಡದೆ, "ಜೇನ್ನೊಣ ಕೆಡಿಸ್ತು," ಎಂದರು. ಸುಳ್ಳೇನೂ ಅಲ್ಲ. ಇಂಗ್ಲಿಷಿನಲ್ಲೂ ಅಲ್ಲ.

ಚಿಕ್ಕತ್ತೆ ಎದ್ದು ಒಳಗೆ ಹೋದರು. ಬರುವಾಗ ಕೈಯಲ್ಲಿ ಒಣಗಿದ ಸಗಣಿ ಬಿಲ್ಲೆ ಇತ್ತು, ತುಂಬ ಒತ್ತಿದ ಬೀಜ.

"ಬೆರಕೆ ಇಲ್ವಾ?" ಎಂದು ಅತ್ತೆ ಕೇಳಿಯೇಬಿಟ್ಟರು. ಬೇಡಲು ಬಂದಾಗಲೂ ಕಾನೂನು ಕಾನೂನೇ.

"ಎಲ್ಲಿಂದ ಬೆರಕೆ ಆ‌ಗ್ತದಕ್ಕ? ಸೌತೆ ಐತೆ ಅಂತ ತಾನೆ ನೀವ್ ಕೊಡ್ದಿದ್ದು? ಅವತ್ತಿಂದ ಈ ಹಿತ್ಲಲ್ಲಿ ಸೌತೆ ಹಾಕಿಲ್ಲ. ಸಾಂಬಾರ್ಗೆ ಬೇಕಂದ್ರೆ ಬೇಲೂರು ಸಂತೆಯಿಂದ ತತ್ತೀನಿ. ಹೊಲಕ್ಕೂ ಹಾಕ್ದೋಳಲ್ಲ. ಕದ್ದಿದ್ದು ಅಂತ ನೀವ್ ಊರೆಲ್ಲಾ ಸಾರಿದ್ರಲ್ಲ, ಯಾರಾದ್ರೂ ನೋಡಿ ನಿಮ್ಗೆ ಹೇಳಾರು ಅಂತ ಮನೆ ಹಿಂದೆ, ಗೋಡೆ ಮರೇಲಿ ನಾಕೇ ಬಳ್ಳಿ. ಯಾರಿಗೂ ಕೊಡ್ಲಿಲ್ಲ. ಕೇಳೋಕೂ ಯಾರಿಗೂ ಗೊತ್ತಿರ್ಲಿಲ್ಲ." ಬಿಲ್ಲೆಯನ್ನು ಮೊರದಲ್ಲಿಟ್ಟು ಅತ್ತೆಯ ಮುಂದೆ ಸರಿಸಿದರು. "ಕದ್ದಿದ್ದಕ್ಕೇ ಉಳೀತೇನೋ. ನೀವು ಕೊಟ್ಟಿದ್ರೆ, ಯಾವತ್ತೋ ನಾನೂ ಕಳ್ಕೊಂಡಿರ್ತಿದ್ದೆ."

ಬೀಜ ಬೆರಕೆಯಾಗದಂತೆ ಪ್ರತ್ಯೇಕವಾಗಿ ಬೆಳೆಸಬೇಕು, ಇಷ್ಟು ದೂರ ಬಿಡಬೇಕು ಎಂದು ಪುಸ್ತಕಗಳಲ್ಲಿ ಬರೆದಿರುತ್ತಾರೆ. ಆ ದೂರವನ್ನು ನಲವತ್ತು ವರ್ಷ ಕಾಯುವುದು ಹೇಗೆಂದು ಯಾವ ಪುಸ್ತಕವೂ ಹೇಳುವುದಿಲ್ಲ. ಅವಮಾನ ಅದನ್ನು ಕಾಯಬಲ್ಲದು ಎಂದು ನಾನು ಗೆಂಡೆಹಳ್ಳಿಯಲ್ಲಿ ಕಲಿತೆ. ಅತ್ತೆ ಬಿಲ್ಲೆಯನ್ನು ಎತ್ತಿ ಮೂಗಿನ ಹತ್ತಿರ ಹಿಡಿದರು. ಅಳುತ್ತಿದ್ದರೋ, ಸಗಣಿಯ ಧೂಳಿಗೆ ಕಣ್ಣು ಒದ್ದೆಯಾಗಿತ್ತೋ, ನಾನು ಕೇಳಲಿಲ್ಲ. ಇಬ್ಬರೂ ಕ್ಷಮೆ ಕೇಳಲಿಲ್ಲ. ಚಿಕ್ಕತ್ತೆ ಅವರೆ ಬೀಜ ಚೆನ್ನಾಗಿದೆ ಎಂದರು, ನಮ್ಮತ್ತೆ ಕಾಫಿ ಚೆನ್ನಾಗಿತ್ತು ಎಂದರು. ಊಟ ಮಾಡಿಕೊಂಡು ಹೋಗಿ ಎಂದಾಗ, ಮಧ್ಯಾಹ್ನದ ಬಸ್ಸು ಬಿಟ್ಟು ಉಂಡೇ ಬಂದೆವು.

ಆ ವರ್ಷ ಕೆಕ್ಕರಿಕೆ ಬಿತ್ತಿದ್ದು ಅತ್ತೆಯೇ. ಗೌರಿ ಹಬ್ಬದ ಹೊತ್ತಿಗೆ ಹಣ್ಣು ಬಿರಿದವು. ಬೀದಿಯವರಿಗೆ ಮತ್ತೆ ನಮ್ಮ ಮನೆಯಲ್ಲಿ ಕೆಲಸಗಳು ನೆನಪಾದವು. ಹುರುಳಿ ಬಿತ್ತನೆಗೆ ಪಕ್ಕದ ಹೊಲದವರು ಕರೆಯಲು ಬಂದಾಗ ಅತ್ತೆ ಸ್ವಲ್ಪ ಹೊತ್ತು ಬೇಡ ಬೇಡ ಎಂದು ಬಿಂಕ ಮಾಡಿ ಹೋದರು. ನಮ್ಮನೆಯಲ್ಲಿ ಹೆಪ್ಪು ಮಾತ್ರ ಇನ್ನೂ ನನ್ನ ಪಾಲಿಗೇ ಇತ್ತು. "ಓದಿದೋಳು ನೀನು" ಎಂಬ ಮಾತನ್ನು ಅವರು ಮತ್ತೆ ಆಡಿರಲಿಲ್ಲ.

ಬುಡದ ಹಣ್ಣಿನ ಬೀಜ ತೆಗೆದ ದಿನ ಅವರು ಗೋಡೆಗೆ ಎರಡು ಬಿಲ್ಲೆ ತಟ್ಟಿದರು. ಹಿಂದೆಂದೂ ಹಾಗೆ ಮಾಡಿದವರಲ್ಲ. ಹದಿನೈದು ದಿನ ಕಳೆದು, ಬಿಲ್ಲೆ ಒಣಗಿದ ಮೇಲೆ, ಒಂದು ಭಾನುವಾರ ಸಂಜೆ ಅಡುಗೆಮನೆಯಲ್ಲಿ ಕೇಳಿದೆ.

"ಎರಡನೇದು ಯಾರಿಗೆ ಅತ್ತೆ? ನನಗಾ?"

"ಕೊಡಾಕಿಲ್ಲ," ಎಂದರು. "ಕೊಟ್ಟೋರ್ದೆಲ್ಲ ಏನಾಯ್ತು ಅಂತ ಕಂಡಿದ್ದೀನಿ. ನನ್ ತಮ್ಮಂದಿರ್ಗೂ ಅವ್ವ ಕೊಟ್ಟೇ ಇದ್ಲು." ಸೆರಗು ಸರಿಮಾಡಿಕೊಂಡು ಚಪ್ಪಲಿ ಮೆಟ್ಟಿದರು. "ನಾನು ಕೆರೆ ಏರಿ ಮ್ಯಾಲೆ ಒಂದ್ ಸುತ್ತು ಹೋಗ್ಬತ್ತೀನಿ. ಅರ್ಧ ಗಂಟೆ ಆಯ್ತದೆ. ಮನೇಲಿ ಯಾರೂ ಇಲ್ಲ."

ನಾನಿದ್ದೆ. ಅವರು ಗೇಟು ದಾಟುವವರೆಗೆ ನಿಂತಿದ್ದು, ಆಮೇಲೆ ಸ್ಟೂಲು ಹಾಕಿಕೊಂಡು ಹತ್ತಿದೆ. ಸರ್ಕಾರದಿಂದ ಸಂಬಳ ಪಡೆಯುವ, ನಕಲು ಮಾಡಿದ ಮಕ್ಕಳನ್ನು ಪರೀಕ್ಷೆಯ ಕೊಠಡಿಯಿಂದ ಎಬ್ಬಿಸಿ ಕಳಿಸುವ ಹೆಂಗಸಾದ ನಾನು, ಗೋಡೆಯಿಂದ ಒಂದು ಸಗಣಿ ಬಿಲ್ಲೆಯನ್ನು ಕಿತ್ತು ಸೆರಗಿನೊಳಗೆ ಬಚ್ಚಿಟ್ಟುಕೊಂಡೆ. ಅದನ್ನು ಎಲ್ಲಿಟ್ಟಿದ್ದೇನೆಂದು ಗಂಡನಿಗೆ ಹೇಳಿಲ್ಲ, ಇಲ್ಲೂ ಬರೆಯುವುದಿಲ್ಲ.

ಅತ್ತೆ ವಾಪಸು ಬಂದು ಗೋಡೆಯ ಮೇಲಿನ ಖಾಲಿ ಗುಂಡು ಗುರುತನ್ನು ನೋಡಿದರು. ಕೈಕಾಲು ತೊಳೆದುಕೊಂಡು ಬಂದು, ಹಾಲಿನ ಪಾತ್ರೆಯನ್ನು ತಮ್ಮ ಕಡೆ ಎಳೆದುಕೊಂಡು ಹೆಪ್ಪು ಹಾಕಿದರು.